ಜರ್ಮನಿಯಲ್ಲಿ ಓದುವ ನಮ್ಮ ಮಕ್ಕಳು

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲವೆಂಬ ಮಾತು ಕೇಳಿ ಸಾಲ ಮಾಡಿಯಾದರೂ ಮಕ್ಕಳನ್ನು ಕಳುಹಿಸುವ ಮನೆತನಗಳು ನಮ್ಮಲ್ಲಿವೆ. ಮಾತು ನಿಜ. ಆದರೆ ವೀಸಾಕ್ಕೆ ಮುನ್ನ ಸಾಮಾನ್ಯವಾಗಿ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಇರಿಸಬೇಕಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೊಗೆ ಏರಿಸಲಾಯಿತು. ತಿಂಗಳಿಗೆ 992 ಯೂರೊ. ಮ್ಯೂನಿಕ್‌ನಂಥ ನಗರದಲ್ಲಿ ಅದರ ದೊಡ್ಡ ಪಾಲನ್ನು ಕೋಣೆಯ ಬಾಡಿಗೆಯೇ ನುಂಗುತ್ತದೆ.

ಆ ಕೋಣೆಯಾದರೂ ಸುಲಭವಾಗಿ ದೊರೆಯದು. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು; ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಗೆಳೆಯನ ಕೋಣೆಯ ನೆಲದ ಮೇಲೆ ಮಲಗುವವನಿಗೆ ಆ ಪತ್ರ ಕೊಡುವವರಾರು?

ಇನ್ನು ಪೂಜೆ. ಮಲಗುವ ಕೋಣೆಗಳಲ್ಲಿ ಹೊಗೆ ಪತ್ತೆಮಾಡುವ ಯಂತ್ರ ಕಡ್ಡಾಯ. ಲೋಬಾನ ಹಾಕಿದರೆ ಕೂಗೀತು. ಪತ್ರೆಯಂತೂ ದೂರದ ಮಾತು. ಇಷ್ಟಲಿಂಗಕ್ಕೆ ಅಂಗೈ, ನೀರು, ವಿಭೂತಿ ಸಾಕಷ್ಟೆ? ಆ ಮಟ್ಟಿಗೆ ನಮ್ಮವರು ಭಾಗ್ಯವಂತರು. ತೊಡಕಿರುವುದು ಎಲ್ಲರೂ ಬಳಸುವ ಅಡುಗೆಮನೆಯಲ್ಲಿ. ಮಾಂಸ ಬೇಯಿಸಿದ ಬಾಣಲೆಯಲ್ಲಿ ಒಗ್ಗರಣೆ ಹಾಕಲು ಮನಸ್ಸೊಪ್ಪದು. ಹೊಸದನ್ನು ಕೊಳ್ಳಲು ಭಾನುವಾರ ಹೊರಟರೆ ಅಂಗಡಿಗಳು ಮುಚ್ಚಿರುತ್ತವೆ.

2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಸಂಗತಿಯನ್ನು ಎಷ್ಟೋ ಮಕ್ಕಳು ಮನೆಗೆ ತಿಳಿಸುವುದಿಲ್ಲ, ಬಂಧುಗಳು ಏನೆಂದಾರೋ ಎಂಬ ಅಳುಕು. ಕಾಯಕವನ್ನು ಕೊಂಡಾಡುವ ಮನೆಗಳಲ್ಲೇ ಈ ಅಳುಕು ಬೆಳೆದದ್ದು ಹೇಗೋ! ಹೇಳಿಬಿಡೋಣವೆಂದುಕೊಂಡರೂ, ಚಳಿಗಾಲದಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಯುವಾಗ ಇಲ್ಲಿ ಒಂದೂವರೆ, ತಾಯಿ ಮಲಗಿರುತ್ತಾಳೆ.