ಯೋಧರು ಮುಚ್ಚಿಡಬಾರದ ಏದುಸಿರು

ರಜೆಯಲ್ಲಿ ಊರಿಗೆ ಬಂದಿದ್ದ ಯೋಧರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ‘ಡಾಕ್ಟ್ರೇ, ಲೇಹ್‌ನಲ್ಲಿ ಕೂತಲ್ಲೇ ಏದುಸಿರು ಬರ್ತಿತ್ತು. ಅಲ್ಲಿ ಹೇಳಿದರೆ ಮೆಡಿಕಲ್ ಕೆಟಗರಿ ಇಳಿಸ್ತಾರೆ. ನೀವೇ ಒಂದು ಮಾತ್ರೆ ಕೊಡಿ’ ಎಂದರು.

ಸೈನ್ಯದ ನೌಕರಿಯಿಂದ ದೇಹಕ್ಕೆ ಲಾಭ ಹಲವು. ಹೊತ್ತಿಗೆ ಸರಿಯಾಗಿ ಊಟ, ನಿತ್ಯ ವ್ಯಾಯಾಮ, ನಿಯಮಿತ ತಪಾಸಣೆ, ಉಚಿತ ಚಿಕಿತ್ಸೆ. ಪಿಂಚಣಿದಾರ ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಯೋಜನೆಯೂ ಇದೆ. ಆದರೆ ತಪಾಸಣೆಯಲ್ಲಿ ‘ಶೇಪ್ 1’ ದರ್ಜೆ ತಪ್ಪಿದರೆ ಬಡ್ತಿಗೆ ಅಡ್ಡಿಯಾದೀತೆಂಬ ಭಯದಿಂದ ಕೆಲವರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ.

ಎತ್ತರದ ಪ್ರದೇಶದಲ್ಲಿ ಇದು ಪ್ರಾಣಕ್ಕೇ ಕುತ್ತು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮಂಗಳೂರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರನೇ ಎರಡು ಪಾಲು ಮಾತ್ರ ಅಲ್ಲಿ ಸಿಗುತ್ತದೆ. ದೇಹ ಅದಕ್ಕೆ ಒಗ್ಗಲು ಕೆಲವು ದಿನ ಬೇಕು. ರಜೆಯಲ್ಲಿ ಕೆಲವು ವಾರ ಊರಲ್ಲಿದ್ದು ಮರಳಿದವರು ಮತ್ತೆ ಮೊದಲಿನಿಂದ ಒಗ್ಗಿಕೊಳ್ಳಬೇಕು. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒಣಕೆಮ್ಮು, ವಿಪರೀತ ಸುಸ್ತು, ವಿಶ್ರಾಂತಿಯಲ್ಲೂ ಏದುಸಿರು ಇದರ ಲಕ್ಷಣಗಳು. ಕೂಡಲೇ ಆಮ್ಲಜನಕ ಕೊಟ್ಟು ಕೆಳಗಿಳಿಸಿದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಗಂಟೆಗಳಲ್ಲೇ ಸಾವು ಸಂಭವಿಸಬಹುದು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆಯೂ ಹೆಚ್ಚು.

ಆ ಯೋಧರನ್ನು ಪರೀಕ್ಷಿಸಿದೆ, ಮಾತ್ರೆ ಕೊಡಲಿಲ್ಲ. ಪಡೆಯ ವೈದ್ಯರಿಗೆ ಚೀಟಿ ಬರೆದುಕೊಟ್ಟೆ. ನಿಮ್ಮ ಮಗ ರಜೆ ಮುಗಿಸಿ ಹೊರಟಾಗ ಚಕ್ಕುಲಿ, ಉಂಡೆಯ ಜತೆಗೆ ಈ ಒಂದು ಮಾತನ್ನೂ ಕಟ್ಟಿಕೊಡಿ: ‘ಉಸಿರು ಕಟ್ಟಿದರೆ ಮುಚ್ಚಿಡಬೇಡಪ್ಪ.’ ಇಳಿದ ಕೆಟಗರಿ ಗುಣವಾದ ಮೇಲೆ ಮತ್ತೆ ಏರಬಹುದು, ಹೋದ ಜೀವ ಬಾರದು.