ಕಂಪ್ರೆಷನ್ ಹಿಡಿಯುವ ಕಸುಬು

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಲಾರಿಗಳ ಹಾದಿಯ ನಡುವೆ ಇರುವ ಹೋಬಳಿ ಕೇಂದ್ರ. ಒಂದು ದಿಕ್ಕಿಗೆ ಬೆಂಗಳೂರು–ತುಮಕೂರು ಹೆದ್ದಾರಿ, ಇನ್ನೊಂದು ದಿಕ್ಕಿಗೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ. ನೆಲಮಂಗಲದಲ್ಲಿ ಹಾಸನ, ಮಂಗಳೂರಿನ ದಾರಿ ಕವಲೊಡೆಯುತ್ತದೆ. ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಸೊಲ್ಲಾಪುರದ ಬಳಿಯ ಬಾಳೆಗೆ ಸಾಗಿಸುವ ನೈರುತ್ಯ ರೈಲ್ವೆಯ ಸೇವೆ 2020ರ ಆಗಸ್ಟ್ 30ರಂದು ಶುರುವಾದದ್ದೂ ನೆಲಮಂಗಲದಿಂದಲೇ. ಈ ಸೀಮೆಯಲ್ಲಿ ಅನೇಕ ಮನೆಗಳ ಅನ್ನ ಲಾರಿ ಚಕ್ರದ ಮೇಲಿದೆ. ಲಾರಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಲಾರಿ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳುವ ದೂರು ಹೀಗಿರುತ್ತದೆ: 'ಬೆಳಿಗ್ಗೆ ಸ್ಟಾರ್ಟೇ ಆಗಲ್ಲ ಅಣ್ಣ, ಬಿಳಿ ಹೊಗೆ ಬತ್ತದೆ, ಲೋಡ್ ಹಾಕಿದ್ರೆ ಎಳೆಯಲ್ಲ.' ಶಿರಾಡಿ ಘಾಟಿ ಹತ್ತುವಾಗ ಇಂಥ ಗಾಡಿ ಮೊದಲ ಗೇರಿನಲ್ಲೇ ತೆವಳುತ್ತದೆ. ಮೆಕ್ಯಾನಿಕ್ ಇದನ್ನು 'ಕಂಪ್ರೆಷನ್ ಇಲ್ಲ' ಎಂಬ ಎರಡು ಪದಗಳಲ್ಲಿ ಹೇಳಿಬಿಡುತ್ತಾರೆ. ಕಂಪ್ರೆಷನ್ ಎಲ್ಲಿ ಹೋಯಿತು ಎಂದು ಕಂಡುಹಿಡಿಯುವುದೇ ಈ ಕಸುಬಿನ ನಿಜವಾದ ವಿದ್ಯೆ.

ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್‌ಗೆ ಅದಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಯಂತ್ರದ ಗುಟ್ಟೇ ಇದು: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನಾಗಿಯೇ ಕಾಯುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ಇದೇ ಕಾರಣಕ್ಕೆ. ಲಾರಿ ಎಂಜಿನ್‌ನಲ್ಲಿ ಪಿಸ್ಟನ್ ಗಾಳಿಯನ್ನು ಸಾಮಾನ್ಯವಾಗಿ ಹದಿನಾರು, ಹದಿನೆಂಟು ಪಟ್ಟು ಹಿಂಡುತ್ತದೆ. ಈ ಹಿಂಡುವಿಕೆಯೇ ಕಂಪ್ರೆಷನ್. ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಾಳಿಗೆ ನಾಜಲ್ ಸಿಂಪಡಿಸಿದ ಡೀಸೆಲ್ ಕೂಡಲೇ ಹೊತ್ತಿಕೊಳ್ಳುತ್ತದೆ. ಗಾಳಿ ಸೋರಿದರೆ ಒತ್ತಡ ಇಳಿಯುತ್ತದೆ, ಶಾಖವೂ ಇಳಿಯುತ್ತದೆ. ಆಗ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಸೈಲೆನ್ಸರ್‌ನಿಂದ ಹೊರಬರುತ್ತದೆ. ಧನುರ್ಮಾಸದ ಚಳಿಯಲ್ಲಿ ಈ ಕಾಯಿಲೆ ಎದ್ದು ಕಾಣುತ್ತದೆ.

ಆದರೆ ಈ ಲಕ್ಷಣಗಳಿಗೆಲ್ಲ ಕಂಪ್ರೆಷನ್ನೇ ಕಾರಣವಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿರಬಹುದು, ಬ್ಯಾಟರಿ ಸೊರಗಿ ಎಂಜಿನ್ ನಿಧಾನವಾಗಿ ತಿರುಗುತ್ತಿರಬಹುದು, ನಾಜಲ್ ಹನಿಯುತ್ತಿರಬಹುದು. ಒಳ್ಳೆಯ ಮೇಸ್ತ್ರಿ ಮೊದಲು ಇವನ್ನೆಲ್ಲ ನೋಡುತ್ತಾರೆ. ಹಳೆಯ ಪಂಪಿನ ಎಂಜಿನ್ ಆದರೆ ಐಡ್ಲಿಂಗ್‌ನಲ್ಲಿ ಬಿಟ್ಟು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸುತ್ತಾರೆ. ಚೆನ್ನಾಗಿರುವ ಸಿಲಿಂಡರ್ ಆದರೆ ಎಂಜಿನ್ ತಡವರಿಸುತ್ತದೆ. ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ದುಡಿಯುತ್ತಿಲ್ಲ ಎಂದರ್ಥ. ಕಾಮನ್ ರೈಲ್ ಎಂಜಿನ್‌ನಲ್ಲಿ ಹೀಗೆ ಮಾಡಲೇಬಾರದು. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ಮೀರುತ್ತದೆ, ಚಿಮ್ಮಿದ ಎಳೆ ಚರ್ಮ ಸೀಳಿ ಒಳಹೊಗುತ್ತದೆ. ಆ ಗಾಡಿಗಳಿಗೆ ಸ್ಕ್ಯಾನರ್ ಹಾಕಿಯೇ ನೋಡಬೇಕು.

ಮುಂದಿನದು ಕಂಪ್ರೆಷನ್ ಗೇಜ್. ಎಂಜಿನ್ ಬಿಸಿ ಮಾಡಿ, ಡೀಸೆಲ್ ನಿಲ್ಲಿಸಿ, ನಾಜಲ್‌ಗಳನ್ನು ಬಿಚ್ಚಿ, ಆ ಜಾಗಕ್ಕೆ ಗೇಜ್ ಕೂರಿಸಿ ಸೆಲ್ಫ್ ಹೊಡೆಯಬೇಕು. ಸುಸ್ಥಿತಿಯ ಲಾರಿ ಎಂಜಿನ್ ಸಾಮಾನ್ಯವಾಗಿ 350ರಿಂದ 450 ಪಿಎಸ್‌ಐ ತೋರಿಸುತ್ತದೆ. ಸರಿಯಾದ ಅಂಕಿ ಆಯಾ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡಕ್ಕೆ ಸಾಲದು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನೂ ನೋಡಬೇಕು. ಆರು ಸಿಲಿಂಡರ್‌ನ ಎಂಜಿನ್‌ನಲ್ಲಿ ಐದು ಸಮವಾಗಿದ್ದು ಒಂದು ತೀರ ಕೆಳಗಿದ್ದರೆ ದೋಷ ಅಲ್ಲಿದೆ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆರೂ ಇಳಿದಿದ್ದರೆ ಎಂಜಿನ್ ಪೂರ್ತಿ ಸವೆದಿರಬಹುದು.

ಗಾಳಿ ಸೋರುವ ಜಾಗವನ್ನು ಕಿವಿಯಿಂದಲೇ ಹಿಡಿಯುವ ಪರೀಕ್ಷೆ ಇನ್ನೊಂದಿದೆ. ಅನುಮಾನದ ಸಿಲಿಂಡರ್‌ನ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬಂದಾಗ, ನಾಜಲ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಡುತ್ತಾರೆ. ಏರ್ ಫಿಲ್ಟರ್ ಕಡೆ ಬುಸುಗುಟ್ಟಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ರಭಸವಾಗಿ ಬಂದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ), ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಇಲ್ಲವೇ ಬಿರುಕು ಬಿಟ್ಟ ಹೆಡ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಗಾಳಿಯ ಒತ್ತಡಕ್ಕೆ ಎಂಜಿನ್ ತಟ್ಟನೆ ತಿರುಗಬಹುದಾದ್ದರಿಂದ ಫ್ಯಾನಿನ ಬಳಿ ಕೈ ಇರಕೂಡದು.

ರೋಗ ತಿಳಿದರೆ ಮದ್ದೂ ತಿಳಿಯುತ್ತದೆ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೆ, ವಾಲ್ವ್ ಸುಡುವ ಮೊದಲೇ ಫೀಲರ್ ಗೇಜ್ ಹಿಡಿದು ಹೊಂದಿಸಿದರೆ ಸಾಕು. ಸುಟ್ಟಿದ್ದರೆ ಹೆಡ್ ಇಳಿಸಿ ವಾಲ್ವ್, ಸೀಟು ಸರಿಮಾಡಬೇಕು. ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ ಸೊಟ್ಟಗಾಗಿದೆಯೇ ಎಂದು ನೋಡದೆ ಹೊಸದು ಹಾಕುವುದು ದಂಡ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಕೈಪಿಡಿಯ ಕ್ರಮದಲ್ಲಿ ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು. ಬೋರ್ ಸವೆದಿದ್ದರೆ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಅಳೆದು, ಲೈನರ್ ಬದಲಿಸುವುದೋ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದೋ ತೀರ್ಮಾನಿಸಬೇಕು. ಸವೆದ ಬೋರಿಗೆ ಹೊಸ ರಿಂಗ್ ಮಾತ್ರ ಹಾಕಿ ಕಳಿಸುವುದು ಮೋಸದ ಕೆಲಸ. ಗಾಡಿ ಬೇಗನೆ ಅದೇ ದೂರು ಹೊತ್ತು ವಾಪಸ್ ಬರುತ್ತದೆ.

ಬೋರ್ ಸವೆಯಲು ದೊಡ್ಡ ಕಾರಣ ಧೂಳು. ಕಲ್ಲು, ಮರಳು, ಮಣ್ಣು ಹೊಡೆಯುವ ಟಿಪ್ಪರ್‌ಗಳಿಗೆ ಇದು ನಿತ್ಯದ ಶತ್ರು. ಏರ್ ಫಿಲ್ಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಹೋಸ್‌ನಲ್ಲಿ ಸಣ್ಣ ಸೀಳಿದ್ದರೂ ಧೂಳು ನೇರ ಸಿಲಿಂಡರ್ ಸೇರಿ ರಿಂಗನ್ನು ಅರೆದುಹಾಕುತ್ತದೆ.

ಐಟಿಐಗಳಲ್ಲಿ 'ಮೆಕ್ಯಾನಿಕ್ ಡೀಸೆಲ್' ಎಂಬ ಒಂದು ವರ್ಷದ ತರಬೇತಿ ಇದೆ. ಅದನ್ನು ಮುಗಿಸಿದ ಹುಡುಗ ಗ್ಯಾರೇಜಿನ ಹಿರಿಯರ ಕೈಕೆಳಗೆ ಪಳಗಿದರೆ ಅಳತೆ, ಅನುಭವ ಎರಡೂ ಕೂಡಿಬರುತ್ತವೆ. ಇಂಥವರಿಗೆ ನಾವು ಸಲ್ಲಿಸಬೇಕಾದ ಗೌರವವೂ ಇದೆ. ಬಿಚ್ಚಿ ಜೋಡಿಸಿದ್ದಕ್ಕೆ ಮಾತ್ರ ಕೂಲಿ, ಹುಡುಕಿದ್ದಕ್ಕೆ ಕೂಲಿಯಿಲ್ಲ ಎಂಬ ರೂಢಿ ಇರುವಷ್ಟು ಕಾಲ, ಪರೀಕ್ಷೆ ಮಾಡದೆ ಎಂಜಿನ್ ಇಳಿಸುವುದೇ ಲಾಭದ ದಾರಿಯಾಗಿ ಉಳಿಯುತ್ತದೆ.

ಲಾರಿ ಮಾಲೀಕರು ಎಂಜಿನ್ ಬಿಚ್ಚಲು ಒಪ್ಪುವ ಮೊದಲು ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ. ಕೆಲಸ ಮುಗಿದು ಗಾಡಿ ಸ್ವಲ್ಪ ಓಡಿದ ಮೇಲೆ ಅದೇ ಗೇಜಿನಿಂದ ಮತ್ತೊಮ್ಮೆ ಅಳೆಸಲಿ. ಅಳೆದವರ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಲಿ.