ಮೊಟ್ಟೆ ಒಡೆಯದ ಬಂಡಿ

ಕೋಳಿಮೊಟ್ಟೆಯೊಂದನ್ನು ಪುಟ್ಟ ಬಂಡಿಯಲ್ಲಿ ಕೂರಿಸಿ, 1 ಮೀಟರ್ ಎತ್ತರದಿಂದ ಇಳಿಜಾರು ಹಲಗೆಯ ಮೇಲೆ ಜಾರಬಿಡಿ. ಬಂಡಿ ಕೆಳಗಿನ ಗೋಡೆಗೆ ಡಿಕ್ಕಿ ಹೊಡೆಯಬೇಕು, ಮೊಟ್ಟೆ ಒಡೆಯಬಾರದು. ವಿದ್ಯಾರ್ಥಿಗಳ ಎಂಜಿನಿಯರಿಂಗ್ ಸ್ಪರ್ಧೆಗಳಲ್ಲಿ ಜನಪ್ರಿಯವಾದ ಸವಾಲು ಇದು. ರಟ್ಟು, ಹಳೆಯ ಪತ್ರಿಕೆ, ಬಟ್ಟೆಯ ಪಟ್ಟಿ, ಬಾಟಲಿ ಮುಚ್ಚಳದ ಚಕ್ರ, ಸೈಕಲ್ ಕಡ್ಡಿಯ ಅಚ್ಚು ಇದ್ದರೆ ಸಾಕು. ಆದರೆ ಕತ್ತರಿ ಹಿಡಿಯುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಬಲ ಎಷ್ಟು?

ಘರ್ಷಣೆಯನ್ನು ಗಣಿಸದಿದ್ದರೆ, ಗೋಡೆ ಮುಟ್ಟುವಾಗ ಬಂಡಿಯ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. 60 ಗ್ರಾಂ ಮೊಟ್ಟೆಯ ಚಲನಶಕ್ತಿ ಸುಮಾರು 0.59 ಜೂಲ್. ಮೊಟ್ಟೆ ನಿಲ್ಲಬೇಕಾದರೆ ಈ ಶಕ್ತಿ ಪೂರ್ಣ ವ್ಯಯವಾಗಬೇಕು. ಶಕ್ತಿಯನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಸರಾಸರಿ ಬಲ ಸಿಗುತ್ತದೆ. ಮೊಟ್ಟೆ 2 ಮಿಲಿಮೀಟರ್ ದೂರದಲ್ಲಿ ನಿಂತರೆ ಬಲ 294 ನ್ಯೂಟನ್. 5 ಸೆಂಟಿಮೀಟರ್ ದೂರದಲ್ಲಿ ನಿಂತರೆ ಸುಮಾರು 12 ನ್ಯೂಟನ್. ಮೊಟ್ಟೆಯ ಚಿಪ್ಪು ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಬಲಕ್ಕೆ ಒಡೆಯುತ್ತದೆ. ಹಾಗಾಗಿ ವಿನ್ಯಾಸದ ಗುಟ್ಟು ಒಂದೇ: ನಿಲ್ಲುವ ದೂರವನ್ನು ಹೆಚ್ಚಿಸಿ.

ಮೂತಿ ಮೆತ್ತಗೆ, ಕೋಣೆ ಗಟ್ಟಿ

ಬಂಡಿಯನ್ನು ಗಟ್ಟಿಮುಟ್ಟಾಗಿ ಕಟ್ಟಿದರೆ ಮೊಟ್ಟೆ ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ. ಗಟ್ಟಿ ಬಂಡಿ ಥಟ್ಟನೆ ನಿಲ್ಲುತ್ತದೆ, ಬಲ ಹೆಚ್ಚುತ್ತದೆ. ಬಂಡಿಯ ಮೂತಿ ನಜ್ಜುಗುಜ್ಜಾಗಬೇಕು, ಮೊಟ್ಟೆಯ ಕೋಣೆ ಮಾತ್ರ ಆಕಾರ ಕೆಡದೆ ಉಳಿಯಬೇಕು. ಈ ತತ್ತ್ವಕ್ಕೆ ಎಂಜಿನಿಯರ್ ಬೇಲಾ ಬರೇನಿ 1951ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1959ರಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳಲ್ಲಿ ಅದು ಬಳಕೆಗೆ ಬಂತು.

ಮೂತಿ ಎಷ್ಟು ಮೆತ್ತಗಿರಬೇಕು? ಮೂತಿ ತಡೆಯಬೇಕಾದುದು ಮೊಟ್ಟೆಯೊಂದನ್ನೇ ಅಲ್ಲ, ಇಡೀ ಬಂಡಿಯನ್ನು. ಮೊಟ್ಟೆ ಸೇರಿ ಒಟ್ಟು ದ್ರವ್ಯರಾಶಿ 300 ಗ್ರಾಂ ಇದ್ದರೆ ಶಕ್ತಿ 2.94 ಜೂಲ್. ಅದು 5 ಸೆಂಟಿಮೀಟರಿನಲ್ಲಿ ವ್ಯಯವಾಗಲು ಸುಮಾರು 59 ನ್ಯೂಟನ್, ಅಂದರೆ 6 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಕಾಗದದ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಹಲಗೆಯಿಟ್ಟು, ಪುಸ್ತಕಗಳನ್ನು ಒಂದೊಂದಾಗಿ ಪೇರಿಸಿ. ಸುಮಾರು 6 ಕಿಲೋಗ್ರಾಂಗೆ ಕುಸಿಯತೊಡಗಿದರೆ ಆ ಕೊಳವೆಗಳೇ ನಿಮ್ಮ ಮೂತಿ. ಮೊದಲೇ ಕುಸಿದರೆ ಡಿಕ್ಕಿಯಲ್ಲಿ ಮೂತಿ ಪೂರ್ತಿ ಚಪ್ಪಟೆಯಾಗಿ ಕೋಣೆಯೇ ಗೋಡೆಗೆ ಬಡಿಯುತ್ತದೆ. ಕುಸಿಯದಿದ್ದರೆ ಮೂತಿ ಇದ್ದೂ ಪ್ರಯೋಜನವಿಲ್ಲ. ಕುಸಿದ ಕಾಗದವೂ ಒಂದಿಷ್ಟು ಜಾಗ ಹಿಡಿಯುವುದರಿಂದ ಕೊಳವೆಯ ಉದ್ದ 7-8 ಸೆಂಟಿಮೀಟರ್ ಇರಲಿ.

ಸ್ಪ್ರಿಂಗ್ ಏಕೆ ಬೇಡ? ಅದು ಶಕ್ತಿಯನ್ನು ಹಿಂದಿರುಗಿಸುತ್ತದೆ. ಬಂಡಿ ಹಿಮ್ಮುಖವಾಗಿ ಪುಟಿದಾಗ ಸಂವೇಗದ ಬದಲಾವಣೆ ಇನ್ನೂ ಹೆಚ್ಚು. ಮೇಲಾಗಿ ಸ್ಪ್ರಿಂಗಿನ ಗರಿಷ್ಠ ಬಲ ಸರಾಸರಿಯ ಎರಡರಷ್ಟು. ಮಡಿಚಿಕೊಳ್ಳುವ ಕಾಗದವಾದರೋ ಶಕ್ತಿಯನ್ನು ಹಿಂದಿರುಗಿಸದೆ ನುಂಗಿಬಿಡುತ್ತದೆ.

ಎರಡನೆಯ ಡಿಕ್ಕಿ

ಬಂಡಿ ನಿಂತರೂ ಜಡತ್ವದಿಂದ ಮೊಟ್ಟೆ ಮುಂದಕ್ಕೆ ಚಲಿಸುತ್ತದೆ. ಕೋಣೆಯಲ್ಲಿ ಅದು ಸಡಿಲವಾಗಿದ್ದರೆ, ನಿಂತ ಬಂಡಿಯ ಒಳಗೋಡೆಗೆ ಬಡಿಯುತ್ತದೆ. ಮೂತಿ ಕುಸಿದ ಲಾಭ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊಟ್ಟೆಯನ್ನು ಅಗಲವಾದ ಬಟ್ಟೆಯ ಪಟ್ಟಿಯಿಂದ ಬಿಗಿದು ಬಂಡಿಯ ಭಾಗವನ್ನಾಗಿ ಮಾಡಿ. ಪಟ್ಟಿ ಅಗಲವಿದ್ದಷ್ಟೂ ಬಲ ಹೆಚ್ಚು ಜಾಗಕ್ಕೆ ಹಂಚಿಹೋಗಿ ಒತ್ತಡ ಇಳಿಯುತ್ತದೆ. ದಾರ ಕಟ್ಟಬೇಡಿ.

ಶಿಕ್ಷಕರಿಗೊಂದು ಸೂಚನೆ. ಮೊಟ್ಟೆ ಉಳಿಯಿತೇ ಎಂಬುದಕ್ಕೆ ಮಾತ್ರ ಅಂಕ ಕೊಡಬೇಡಿ. ಪ್ರತಿ ಡಿಕ್ಕಿಯ ನಂತರ ಮೂತಿ ಎಷ್ಟು ಕುಸಿಯಿತು ಎಂದು ಅಳೆಸಿ, ಬಲವನ್ನು ಲೆಕ್ಕ ಹಾಕಿಸಿ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಲು ಹೇಳಿ.

ಆಟವಲ್ಲದ ಲೆಕ್ಕ

ನಮ್ಮ ಬಂಡಿಯ ಋಣ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 20 ಪಟ್ಟು. ಗಂಟೆಗೆ 54 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದು, ಮೂತಿ 60 ಸೆಂಟಿಮೀಟರ್ ಕುಸಿದು ನಿಂತರೆ ಅದು ಸುಮಾರು 19 ಪಟ್ಟು. ಎರಡೂ ಹೆಚ್ಚುಕಡಿಮೆ ಒಂದೇ! ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿರುವ 10 ಕಿಲೋಗ್ರಾಂ ಮಗುವನ್ನು ಆಗ ಹಿಡಿದಿಡಲು ಸುಮಾರು 190 ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಬಲ ಬೇಕು. ಯಾವ ತೋಳಿಗೂ ಅದು ಸಾಧ್ಯವಿಲ್ಲ. ಮಗುವಿಗೆ ತಕ್ಕ ಸೀಟು ಮತ್ತು ಬೆಲ್ಟ್ ಏಕೆ ಬೇಕೆಂಬುದನ್ನು ನಿಮ್ಮ ವಿದ್ಯಾರ್ಥಿಗಳು ಮೊಟ್ಟೆಯ ಬಂಡಿಯಿಂದಲೇ ಲೆಕ್ಕ ಹಾಕಿ ತಿಳಿಯಲಿ.